ದೋಷ, ದೇಸಿ ಮತ್ತು ತಿದ್ದುವ ಪರಿಪಾಠ: ಪಿಂಪ್ರಿ-ಚಿಂಚವಾಡದ ಕನ್ನಡಿಗರ ನುಡಿಯನ್ನು ಕುರಿತು

ಪುಣೆ ನಗರದ ವಾಯವ್ಯಕ್ಕೆ, ಪವನಾ ನದಿಯ ಇಕ್ಕೆಲಗಳಲ್ಲಿ ಬೆಳೆದಿರುವ ಅವಳಿ ಪಟ್ಟಣದ ಹೆಸರನ್ನು ಮರಾಠಿಗರು 'ಪಿಂಪರಿ-ಚಿಂಚವಡ' ಎಂದು ಬರೆಯುತ್ತಾರೆ. ಕನ್ನಡದ ಬರವಣಿಗೆಯಲ್ಲಿ ಅದು ಹಲವೆಡೆ 'ಪಿಂಪ್ರಿ-ಚಿಂಚವಾಡ' ಎಂದಾಗಿದೆ. ಈ ವ್ಯತ್ಯಾಸಕ್ಕೆ ಎರಡು ಕಾರಣಗಳನ್ನು ಊಹಿಸಬಹುದು. ಹೆಸರು ಮರಾಠಿಯಿಂದ ನೇರವಾಗಿ ಬಾರದೆ ಇಂಗ್ಲಿಷ್ ಲಿಪಿಯ ಮೂಲಕ ಬಂದುದು ಒಂದು. ಆ ಲಿಪಿಯಲ್ಲಿ ಅಕಾರ ಆಕಾರಗಳಿಗೆ ಬೇರೆ ಬೇರೆ ಗುರುತಿಲ್ಲ. 'ಪಿಂಪರಿ'ಯ ನಡುವಣ ಸ್ವರವೂ ಅಲ್ಲಿ ಬಿದ್ದುಹೋಗಿದೆ. ಇನ್ನೊಂದು ಕಾರಣ ಕನ್ನಡದ ಕಿವಿ. ಧಾರವಾಡವನ್ನು ಬಲ್ಲ ಕಿವಿಯು 'ವಡ' ಇದ್ದಲ್ಲಿ 'ವಾಡ'ವನ್ನು ತಾನಾಗಿಯೇ ಕೇಳಿಕೊಳ್ಳುತ್ತದೆ. ಮರಾಠಿಯಲ್ಲಿ ಚಿಂಚ ಎಂದರೆ ಹುಣಸೆ, ವಡ ಎಂದರೆ ಆಲ. ಕನ್ನಡದ ರೂಪದಲ್ಲಿ ಹುಣಸೆ ಉಳಿದು ಆಲ ಅಳಿದಿದೆ. ಮರಾಠಿಗನು ಇದನ್ನು ಕಂಡರೆ ತಪ್ಪೆನ್ನುತ್ತಾನೆ. ಭಾಷಾಶಾಸ್ತ್ರಜ್ಞನು ಸಾದೃಶ್ಯವೆನ್ನುತ್ತಾನೆ. ಇಂಗ್ಲಿಷರು ಧಾರವಾಡವನ್ನು 'ಧಾರ್ವಾರ್' ಎಂದೂ ಪುಣೆಯನ್ನು 'ಪೂನಾ' ಎಂದೂ ಬರೆದಾಗ ಯಾರೂ ಅವರ ಕಿವಿ ಹಿಂಡಲಿಲ್ಲ; ಪೂನಾ ಎಂಬುದು ಅಧಿಕೃತವಾಗಿ ಪುಣೆಯಾದುದು 1978ರಲ್ಲಿ. ಕನ್ನಡದಲ್ಲಿ ರೂಢವಾದ ರೂಪವನ್ನೇ ಈ ಲೇಖನದಲ್ಲಿಯೂ ಇರಿಸಿಕೊಳ್ಳಲಾಗಿದೆ.

ಊರಿನ ಹೆಸರಿನಲ್ಲಿ ಕಾಣುವ ಈ ತೊಡಕು ಅಲ್ಲಿ ನೆಲೆಸಿರುವ ಕನ್ನಡಿಗರ ಮಾತಿನಲ್ಲಿ ದಿನನಿತ್ಯ ಎದುರಾಗುವಂಥದು. 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಸ್ಥಾಪನೆಯಾಯಿತು. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು ಅಸ್ತಿತ್ವಕ್ಕೆ ಬಂದ ಮೇಲೆ ಈ ಭಾಗದಲ್ಲಿ ವಾಹನಗಳ ಮತ್ತು ಯಂತ್ರಭಾಗಗಳ ಕಾರ್ಖಾನೆಗಳು ಸಾಲುಗಟ್ಟಿದವು. 1970ರಲ್ಲಿ ಪುರಸಭೆಯಾದ ಊರು 1982ರಲ್ಲಿ ಮಹಾನಗರಪಾಲಿಕೆಯಾಯಿತು. ಕೆಲಸವನ್ನು ಅರಸಿ ಬಂದವರಲ್ಲಿ ವಿಜಯಪುರ, ಕಲಬುರಗಿ, ಬೀದರ, ಬೆಳಗಾವಿಗಳ ಕನ್ನಡಿಗರು ಇದ್ದರು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮೊದಲಾದ ಗಡಿಸೀಮೆಗಳಿಂದ ಬಂದವರೂ ಇದ್ದರು. ದಕ್ಷಿಣ ಕರ್ನಾಟಕದಿಂದ ಬಂದ ಇಂಜಿನಿಯರುಗಳು, ಬ್ಯಾಂಕು ನೌಕರರು, ಕರಾವಳಿಯಿಂದ ಬಂದ ಹೋಟೆಲು ಉದ್ಯಮಿಗಳು ಇವರ ಜತೆಗೆ ಸೇರಿದರು. ಹೀಗೆ ಒಂದೇ ಊರಿನಲ್ಲಿ ನಾಲ್ಕಾರು ಬಗೆಯ ಕನ್ನಡಗಳು ಒಂದರ ಮಗ್ಗುಲಿಗೆ ಇನ್ನೊಂದು ಬಂದು ಕುಳಿತವು.

ಈ ಕನ್ನಡಿಗನಿಗೆ ತಿದ್ದುವವರು ಮೂರು ದಿಕ್ಕಿನಿಂದ ಬರುತ್ತಾರೆ. ಕಚೇರಿಯಲ್ಲಿ ಅವನ ಇಂಗ್ಲಿಷನ್ನು ತಿದ್ದುವ ಮೇಲಧಿಕಾರಿ. ಬೀದಿಯಲ್ಲಿ ಅವನ ಮರಾಠಿಯ ಲಿಂಗವ್ಯವಸ್ಥೆಯನ್ನು ಕಂಡು ನಗುವ ನೆರೆಯವ. ರಜೆಗೆ ಊರಿಗೆ ಹೋದಾಗ ಅವನ ಮಕ್ಕಳ ಕನ್ನಡವನ್ನು ಎತ್ತಿ ಆಡುವ ಬಂಧುಗಳು. ಮೊದಲ ಇಬ್ಬರಿಂದ ಅವನು ತಪ್ಪಿಸಿಕೊಳ್ಳುವಂತಿಲ್ಲ, ಅನ್ನದ ಪ್ರಶ್ನೆಯಿದೆ. ಮೂರನೆಯವರಿಂದ ತಪ್ಪಿಸಿಕೊಳ್ಳಲು ಸುಲಭವಾದ ದಾರಿಯೊಂದಿದೆ: ಮಕ್ಕಳು ಕನ್ನಡವನ್ನು ಆಡದೆ ಇರುವುದು. ತಿದ್ದುವ ಪರಿಪಾಠವನ್ನು ಕನ್ನಡ ಅಧ್ಯಯನದ ವಿಷಯವಾಗಿ ಪರಿಶೀಲಿಸಬೇಕಾದ ಅಗತ್ಯ ಇರುವುದು ಇಲ್ಲಿ.

ತಪ್ಪು ಹಿಡಿಯುವ ಚಪಲ ಈಚಿನದಲ್ಲ. ಸುಮಾರು ಕ್ರಿ.ಶ. 850ರ 'ಕವಿರಾಜಮಾರ್ಗ' ಇದನ್ನು ತನ್ನ ಪ್ರಥಮ ಪರಿಚ್ಛೇದದಲ್ಲಿಯೇ ಗುರುತಿಸಿದೆ. ಜಾಣರಲ್ಲದವರೂ ಅರಿಯದೆಯೇ ಅರಿತವರಂತೆ, ದೋಷಕ್ಕೆ ಕೊಂಚ ಎಡೆ ಸಿಕ್ಕಿತೆಂದರೆ ಸಾಕು, ಅದನ್ನೇ ಬಿಡದೆ ಹಿಡಿದು ಕೃತಿಯನ್ನು ಹಳಿಯುತ್ತಾರೆ ಎಂಬುದು ಅಲ್ಲಿಯ ಪದ್ಯವೊಂದರ ತಾತ್ಪರ್ಯ. ದೋಷವನ್ನು ವಿವರಿಸುವುದಕ್ಕಾಗಿಯೇ ಒಂದು ಭಾಗವನ್ನು ಮೀಸಲಿಟ್ಟ ಶಾಸ್ತ್ರಗ್ರಂಥವೇ ದೋಷಗ್ರಾಹಿಗಳ ಬಗೆಗೆ ಹೀಗೆ ಎಚ್ಚರಿಕೆ ಕೊಡುತ್ತದೆಂಬುದು ಗಮನಾರ್ಹ. ಇನ್ನೊಂದೆಡೆ ಆ ಗ್ರಂಥವು ಕನ್ನಡವನ್ನು ಬಹುವಚನದಲ್ಲಿ ಹೇಳುತ್ತದೆ. ಕನ್ನಡಗಳಲ್ಲಿ ದೋಷ ಇಷ್ಟೇ ಎಂದು ನಿರ್ಧರಿಸಿ ಹೇಳಹೊರಟರೆ ಸಾವಿರ ನಾಲಗೆಯ ವಾಸುಕಿಯೂ ಬೇಸತ್ತುಹೋಗುವನು. ಏಕೆಂದರೆ ದೇಸಿ ಬೇರೆ ಬೇರೆಯಾಗಿದೆ. ಈ ಮಾತಿನಲ್ಲಿ ಎರಡು ಅಂಶಗಳಿವೆ. ದೋಷವೆಂಬುದು ಇದೆ, ಅದನ್ನು ಹೇಳಬಾರದೆಂದಲ್ಲ. ಆದರೆ ದೇಸಿಯ ಭೇದವನ್ನು ದೋಷವೆಂದು ಎಣಿಸತೊಡಗಿದರೆ ಎಣಿಕೆಗೆ ಕೊನೆಯಿಲ್ಲ. ಕಾವೇರಿಯಿಂದ ಗೋದಾವರಿಯವರೆಗೆ ಎಂದು ಆ ಗ್ರಂಥ ಗುರುತಿಸುವ ನಾಡಿನ ಮೇರೆಯೊಳಗೇ ಪವನಾ ನದಿಯ ಬಯಲೂ ಬರುತ್ತದೆ. ಪವನೆ ಮುಳಾ ನದಿಯನ್ನು ಸೇರಿ, ಭೀಮೆಯ ಮೂಲಕ ಕೃಷ್ಣೆಗೆ ಹರಿಯುವ ನೀರು. ಇದನ್ನು ರಾಜಕೀಯ ಹಕ್ಕಿನ ಮಾತಾಗಿ ಓದಬೇಕಾಗಿಲ್ಲ. ದೇಸಿಗಳ ವೈವಿಧ್ಯದ ಬಗೆಗೆ ಮಾತನಾಡಿದ ಗ್ರಂಥಕಾರನ ಕಣ್ಣಮುಂದೆ ಇಂಥ ಎಡೆಗಳೂ ಇದ್ದವೆಂದು ತಿಳಿದರೆ ಸಾಕು.

'ಕವಿರಾಜಮಾರ್ಗ'ವು ಸಂಸ್ಕೃತ ಕನ್ನಡ ಪದಗಳ ಅಹಿತವಾದ ಸಮಾಸವನ್ನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಎಂದಿತು. 1112ರ ಸುಮಾರಿನಲ್ಲಿ 'ಧರ್ಮಾಮೃತ'ವನ್ನು ಬರೆದ ಮುಳುಗುಂದದ ನಯಸೇನನಿಗೆ ಅದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಕಂಡಿತು. 1260ರ ಸುಮಾರಿನ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಅರಿಸಮಾಸವನ್ನು ನಿಷೇಧಿಸಿದರೂ ಬಿರುದಾವಳಿಗಳಲ್ಲಿ ಅದಕ್ಕೆ ಎಡೆಮಾಡಿಕೊಟ್ಟ. ರೂಢಿ ಗಟ್ಟಿಯಾಗಿದ್ದಲ್ಲಿ ವ್ಯಾಕರಣ ದಾರಿ ಬಿಟ್ಟಿತೆಂದು ಅರ್ಥ. ರಳಾಕ್ಷರವಿರುವ ಶಬ್ದಗಳನ್ನು ಅವನು ಪಟ್ಟಿಮಾಡಿ ಕೊಟ್ಟಿರುವುದಕ್ಕೂ ಕಾರಣ ಸ್ಪಷ್ಟ. ಬಾಯಿಯಲ್ಲಿ ಸಹಜವಾಗಿ ಉಳಿದಿರುವ ಧ್ವನಿಗೆ ಪಟ್ಟಿ ಬೇಕಾಗುವುದಿಲ್ಲ. ಪಟ್ಟಿಯಿಂದ ಆ ಧ್ವನಿ ಉಳಿಯಲಿಲ್ಲ. ಉಳಿದದ್ದು ಪಟ್ಟಿ ಮಾತ್ರ. ಅದಕ್ಕಾಗಿ ಇಂದಿನ ಅಭ್ಯಾಸಿಗಳು ಅವನಿಗೆ ಋಣಿಗಳು ಎಂಬುದು ಬೇರೆ ಮಾತು. 'ಪಾಲು' 'ಹಾಲು' ಆದುದೂ ಒಂದು ಕಾಲದ ಲೆಕ್ಕಕ್ಕೆ ತಪ್ಪೇ. ಆ ತಪ್ಪಿಲ್ಲದೆ ಇಂದಿನ ಕನ್ನಡ ಇಲ್ಲ.

ಈ ಹಿನ್ನೆಲೆಯಲ್ಲಿ ಇಂಗ್ಲಿಷ್ ಪದಪುಂಜಗಳ ಸಂಗತಿಯನ್ನು ನೋಡಬಹುದು. ಭಾರತೀಯರ ಇಂಗ್ಲಿಷಿನಲ್ಲಿ ತಪ್ಪೆಂದು ಎತ್ತಿ ತೋರಿಸಲಾಗುವ ಪ್ರಯೋಗಗಳ ಒಂದು ಸಿದ್ಧಪಟ್ಟಿ ಎಲ್ಲ ಕಚೇರಿಗಳಲ್ಲಿಯೂ ಚಲಾವಣೆಯಲ್ಲಿದೆ: ಪ್ರಿಪೋನ್, ಕಸಿನ್ ಬ್ರದರ್, ಬ್ಯಾಕ್‌ಸೈಡ್, ಔಟ್ ಆಫ್ ಸ್ಟೇಷನ್, ಡೂ ದ ನೀಡ್‌ಫುಲ್, ವೈ ಬಿಕಾಸ್, ದೇರ್ ಓನ್ಲಿ. ಇವುಗಳನ್ನು ಆಡುವವರನ್ನು ನಗೆಗೀಡು ಮಾಡುವುದು ವಿದ್ಯಾವಂತಿಕೆಯ ಲಕ್ಷಣವೆಂದು ಭಾವಿಸಲಾಗಿದೆ. ಆದರೆ ಇವೆಲ್ಲ ಒಂದೇ ಜಾತಿಯವಲ್ಲ. ಒಂದೊಂದಕ್ಕೂ ಬೇರೆ ಬೇರೆ ಚರಿತ್ರೆಯಿದೆ.

'ಡೂ ದ ನೀಡ್‌ಫುಲ್' ಎಂಬುದು ಭಾರತೀಯರ ಸೃಷ್ಟಿಯೇ ಅಲ್ಲ. ಬ್ರಿಟಿಷರ ಪತ್ರವ್ಯವಹಾರದಲ್ಲಿ ಸಭ್ಯವಾಗಿ ನಡೆಯುತ್ತಿದ್ದ ಮಾತು. ಅವರು ಬಿಟ್ಟರು, ಇಲ್ಲಿಯ ಗುಮಾಸ್ತರು ಬಿಡಲಿಲ್ಲ. 'ಔಟ್ ಆಫ್ ಸ್ಟೇಷನ್' ಎಂಬಲ್ಲಿಯ ಸ್ಟೇಷನ್ನು ರೈಲಿನದಲ್ಲ, ಕಂಪನಿ ಸರಕಾರದ ಅಧಿಕಾರಿಗಳು ಬೀಡುಬಿಟ್ಟಿದ್ದ ಠಾಣ್ಯದ್ದು. ಇವು ಹಳೆಯ ಪ್ರಯೋಗಗಳ ಉಳಿಕೆಗಳು. ಮೂಲದಲ್ಲಿ ಅಳಿದುದು ದೂರದ ನೆಲದಲ್ಲಿ ಉಳಿಯುವುದು ಭಾಷೆಗಳಲ್ಲಿ ಸಾಮಾನ್ಯ.

'ಪ್ರಿಪೋನ್' ಇದಕ್ಕಿಂತ ಸ್ವಾರಸ್ಯವಾದುದು. ಭಾರತದಲ್ಲಿ ಇದು ಮನೆಮಾತಾಗುವುದಕ್ಕೆ ಬಹಳ ಮುಂಚೆ, 1913ರಲ್ಲಿಯೇ, ಅಮೆರಿಕದ ಪತ್ರಿಕೆಯೊಂದಕ್ಕೆ ಬರೆದ ಪತ್ರದಲ್ಲಿ ಈ ಅರ್ಥದಲ್ಲಿ ಬಳಕೆಯಾಗಿತ್ತು. ಅದು ಭಾರತದಲ್ಲಿ ಬೇರೂರಿದುದಕ್ಕೆ ದೇಶಭಾಷೆಗಳಲ್ಲಿಯೇ ಕಾರಣವನ್ನು ಹುಡುಕಬಹುದು. ನಿಗದಿಯಾದ ಹೊತ್ತಿಗಿಂತ ಮೊದಲು ಸಭೆ ಸೇರುವುದನ್ನು ಇಂಗ್ಲಿಷಿನವರು 'ಮುಂದಕ್ಕೆ ತರುವುದು' ಎಂಬ ಅರ್ಥದ ಮಾತಿನಿಂದ ಹೇಳುತ್ತಾರೆ. ಕನ್ನಡದಲ್ಲಿ ಮುಂದಕ್ಕೆ ಹಾಕುವುದೆಂದರೆ ತಡಮಾಡುವುದು. ಮರಾಠಿಯಲ್ಲಿಯೂ 'ಪುಢೇ ಢಕಲಣೇ' ಎಂದರೆ ಅದೇ. ಇಂಗ್ಲಿಷಿನಲ್ಲಿ ಮುಂದು ಎಂದರೆ ಬೇಗ, ಕನ್ನಡ ಮರಾಠಿಗಳಲ್ಲಿ ಮುಂದು ಎಂದರೆ ಆಮೇಲೆ. ಕನ್ನಡಿಗರೂ ಮರಾಠಿಗರೂ ಕೂಡಿ ದುಡಿಯುವ ಪಿಂಪ್ರಿಯ ಕಾರ್ಖಾನೆಯಲ್ಲಿ, ಪಾಳಿಯ ಹೊತ್ತು ಮುಂದಕ್ಕೆ ಬಂದಿದೆಯೆಂದು ಶುದ್ಧ ಇಂಗ್ಲಿಷಿನಲ್ಲಿ ಹೇಳಿದರೆ ಕೆಲಸದವರು ತಡವಾಗಿ ಬರುವ ಸಂಭವವೇ ಹೆಚ್ಚು. 'ಪ್ರಿಪೋನ್' ಎಂದರೆ ಯಾರಿಗೂ ಸಂಶಯವಿಲ್ಲ. ತಪ್ಪೆನಿಸಿದ ಶಬ್ದವು ಇಲ್ಲಿ ಒಪ್ಪೆನಿಸಿದ ಶಬ್ದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

'ದೇರ್ ಓನ್ಲಿ' ಎಂಬುದು ಕನ್ನಡದ 'ಅಲ್ಲೇ'. ಅವಧಾರಣೆಯ ಏಕಾರವನ್ನು ಇಂಗ್ಲಿಷಿನಲ್ಲಿ ಹೇಳಲು ಬೇರೆ ಪ್ರತ್ಯಯವಿಲ್ಲ. ಇಂಗ್ಲಿಷರು ದನಿಯ ಒತ್ತಿನಿಂದ ಅದನ್ನು ಸಾಧಿಸುತ್ತಾರೆ. ಮರಾಠಿಯ 'ತಿಥೇಚ' ಎಂಬಲ್ಲಿಯ ಚಕಾರವೂ ಏಕಾರದ ಕೆಲಸವನ್ನೇ ಮಾಡುತ್ತದೆ. ಆದುದರಿಂದ ಈ ಊರಿನಲ್ಲಿ ಆ 'ಓನ್ಲಿ'ಗೆ ಎರಡು ಕಡೆಯಿಂದ ಆಸರೆಯಿದೆ. 'ಬ್ಯಾಕ್‌ಸೈಡ್' ಕೂಡ ಹಾಗೆಯೇ: ಇತ್ತ 'ಹಿಂದುಗಡೆ', ಅತ್ತ 'ಮಾಗಚ್ಯಾ ಬಾಜೂಲಾ'. 'ವೈ ಬಿಕಾಸ್' ಎಂಬುದರ ಬೆನ್ನಿಗೆ 'ಯಾಕೆಂದರೆ' ಇದೆ, 'ಕಾ ಮ್ಹಣಜೇ' ಇದೆ. ಎರಡೂ ಭಾಷೆಗಳು ಅನ್ನು ಎಂಬ ಧಾತುವಿನಿಂದ ಕಾರಣವಾಚಕವನ್ನು ಕಟ್ಟುತ್ತವೆ. ಪರೋಕ್ತಿಯನ್ನು ಸೂಚಿಸುವ ಕನ್ನಡದ 'ಎಂದು' ಮತ್ತು ಮರಾಠಿಯ 'ಮ್ಹಣೂನ' ಸಹ ಹೀಗೆಯೇ ಆದವು. ಆರ್ಯಭಾಷೆಯಾದ ಮರಾಠಿಯಲ್ಲಿ ಈ ರಚನೆ ಬಲವಾಗಿರುವುದಕ್ಕೆ ದ್ರಾವಿಡ ಸಂಪರ್ಕವನ್ನು ವಿದ್ವಾಂಸರು ಸೂಚಿಸಿದ್ದಾರೆ. ಕಚೇರಿಯಲ್ಲಿ ನಗೆಗೀಡಾದ ಮಾತಿನ ಬೇರು ಈ ಎರಡು ನುಡಿಗಳ ಸಾವಿರ ವರ್ಷಗಳ ನೆರೆತನದವರೆಗೆ ಇಳಿದಿದೆ.

'ಕಸಿನ್ ಬ್ರದರ್' ಎಂಬುದನ್ನು ಇನ್ನಷ್ಟು ವಿವರವಾಗಿ ನೋಡಬೇಕು. ಕಸಿನ್ ಎಂದಮೇಲೆ ಬ್ರದರ್ ಏಕೆ ಎಂಬುದು ತಿದ್ದುವವರ ಆಕ್ಷೇಪ. ಇಂಗ್ಲಿಷಿನಲ್ಲಿ ಒಂದೇ ಶಬ್ದದಡಿ ಸೇರುವ ನೆಂಟರು ಕನ್ನಡದಲ್ಲಿ ಎರಡು ಪಾಲಾಗುತ್ತಾರೆ. ದೊಡ್ಡಪ್ಪ ಚಿಕ್ಕಪ್ಪಂದಿರ, ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳು ಅಣ್ಣತಮ್ಮ, ಅಕ್ಕತಂಗಿಯರು. ಸೋದರಮಾವನ, ಸೋದರತ್ತೆಯ ಮಕ್ಕಳು ಬಾವ ಮೈದುನ, ಅತ್ತಿಗೆ ನಾದಿನಿಯರು. ಅನೇಕ ಸಮುದಾಯಗಳಲ್ಲಿ ಅವರೊಡನೆ ಮದುವೆ ಕೂಡುತ್ತದೆ. ಕಸಿನ್ ಎಂದಷ್ಟೇ ಹೇಳಿ ಸುಮ್ಮನಾದರೆ ಕನ್ನಡ ಮನೆತನದಲ್ಲಿ ಮುಖ್ಯವಾದ ಸಂಗತಿಯೇ ಹೇಳದೆ ಉಳಿಯುತ್ತದೆ. ಮರಾಠಿಯಲ್ಲಿ ವ್ಯವಸ್ಥೆ ಬೇರೆ. ಚುಲತ ಭಾವು, ಮಾವಸ ಭಾವು, ಮಾಮೇ ಭಾವು, ಆತೇ ಭಾವು ಎಂದು ನಾಲ್ಕು ಬಗೆ ಮಾಡಿದರೂ ಎಲ್ಲರೂ 'ಭಾವು' ಆಗಿಯೇ ಉಳಿಯುತ್ತಾರೆ. ಪಿಂಪ್ರಿ-ಚಿಂಚವಾಡದಲ್ಲಿ ಬೆಳೆದ ಕನ್ನಡದ ಹುಡುಗನು ಸೋದರಮಾವನ ಮಗನನ್ನು ಕಸಿನ್ ಬ್ರದರ್ ಎಂದರೆ ಅಲ್ಲಿ ನಡೆದಿರುವುದು ಇಂಗ್ಲಿಷಿನ ವಿಷಯದ ತಪ್ಪಲ್ಲ. ಕನ್ನಡದ ಬಾಂಧವ್ಯದ ಒಂದು ಭೇದವು ಮರಾಠಿಯ ಎರಕದಲ್ಲಿ ಕರಗಿದೆ. ಇಂಗ್ಲಿಷ್ ವ್ಯಾಕರಣವನ್ನು ಕೈಯಲ್ಲಿ ಹಿಡಿದು ತಿದ್ದುವವನಿಗೆ ಇದು ಕಾಣಿಸುವುದೇ ಇಲ್ಲ. ಅವನು 'ಬ್ರದರ್' ಶಬ್ದವನ್ನು ಹೊಡೆದುಹಾಕಿ ತೃಪ್ತನಾಗುತ್ತಾನೆ.

ತಿದ್ದುವವರು ಆಶ್ರಯಿಸುವ ಇಂಗ್ಲಿಷಿನ ನಿಯಮಗಳಾದರೂ ಎಲ್ಲಿಂದ ಬಂದವು? ವಾಕ್ಯದ ಕೊನೆಗೆ ಉಪಸರ್ಗಾವ್ಯಯ ಬರಬಾರದೆಂಬ ಆಕ್ಷೇಪವನ್ನು 1672ರಲ್ಲಿ ಡ್ರೈಡನ್ ಬೆನ್ ಜಾನ್ಸನ್‌ನ ಮೇಲೆ ಎತ್ತಿದ. ಲ್ಯಾಟಿನ್ನಿನಲ್ಲಿ ಅದು ಸಾಧ್ಯವಿಲ್ಲದಿದ್ದುದರಿಂದ ಇಂಗ್ಲಿಷಿನಲ್ಲಿಯೂ ಸಲ್ಲದು ಎಂಬುದೇ ಈ ಬಗೆಯ ವಾದಗಳ ತಿರುಳು. 1762ರಲ್ಲಿ ವ್ಯಾಕರಣವನ್ನು ಬರೆದ ಬಿಷಪ್ ರಾಬರ್ಟ್ ಲೌತ್ ಅದೇ ಸಂಗತಿಯನ್ನು ಚರ್ಚಿಸುವಾಗ ತನ್ನ ವಾಕ್ಯವನ್ನು ಅಂಥ ಅವ್ಯಯದಿಂದಲೇ ಮುಗಿಸಿದ್ದಾನೆ. ಬೇಕೆಂದೇ ಮಾಡಿದನೋ ಮರೆತನೋ ಎಂಬುದರ ಬಗೆಗೆ ಇಂದಿಗೂ ಚರ್ಚೆಯಿದೆ. ಪರರ ಬರಹವನ್ನು ತಿದ್ದುವ ಬರಹದಲ್ಲಿ ಒಂದಾದರೂ ತಪ್ಪು ನುಸುಳಿಯೇ ನುಸುಳುತ್ತದೆ ಎಂಬ ವಿನೋದದ ನಿಯಮವನ್ನು 1992ರಲ್ಲಿ ಆಸ್ಟ್ರೇಲಿಯಾದ ಸಂಪಾದಕ ಜಾನ್ ಬ್ಯಾಂಗ್ಸಂಡ್ ರಚಿಸಿದ. ಪ್ರಸಿದ್ಧವಾದ ಮರ್ಫಿ ನಿಯಮದ ಹೆಸರನ್ನು ಬೇಕೆಂದೇ ಅಕ್ಷರ ತಪ್ಪಿಸಿ ಅದಕ್ಕಿಟ್ಟ. ಅನ್ಯಭಾಷೆಯ ಅಚ್ಚಿನಲ್ಲಿ ಸ್ವಭಾಷೆಯನ್ನು ಒತ್ತಿನೋಡುವ ಪದ್ಧತಿ ಕನ್ನಡಕ್ಕೂ ಅಪರಿಚಿತವಲ್ಲವಾದ್ದರಿಂದ ಈ ಪ್ರಸಂಗವನ್ನು ಬೆಳೆಸಬೇಕಾಗಿಲ್ಲ.

ಅರ್ಥಕ್ಕೆ ಅಪಾಯವಿದ್ದಲ್ಲಿ ತಿದ್ದುಪಡಿ ಬೇಕೇ ಬೇಕು. ಆದರೆ ತಿದ್ದಬೇಕಾದುದು ಯಾವುದನ್ನು ಎಂಬ ಪ್ರಶ್ನೆ ಅಲ್ಲಿಯೂ ಏಳುತ್ತದೆ. ಇಂಧನದ ಟ್ಯಾಂಕರುಗಳ ಮೇಲೆ ಕೆಂಪಕ್ಷರದಲ್ಲಿ ಕಾಣುವ 'ಇನ್‌ಫ್ಲೇಮಬಲ್' ಎಂಬ ಶಬ್ದ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಅರ್ಥ ಬೇಗ ಹೊತ್ತಿಕೊಳ್ಳುವಂಥದು ಎಂದು. ಮೊದಲಲ್ಲಿರುವ 'ಇನ್' ನಿಷೇಧಾರ್ಥಕವಲ್ಲ. ಆದರೆ 'ಇನ್‌ಕರೆಕ್ಟ್' ಎಂಬಲ್ಲಿ ನಿಷೇಧವನ್ನು ಕಲಿತವನು ಇಲ್ಲಿಯೂ ನಿಷೇಧವನ್ನೇ ಓದಿಕೊಂಡರೆ, ಹೊತ್ತಿಕೊಳ್ಳದ ವಸ್ತುವೆಂದು ತಿಳಿದು ಬೀಡಿ ಹಚ್ಚಬಹುದು. ರಾಸಾಯನಿಕ, ಬಣ್ಣ, ಇಂಧನಗಳ ನಡುವೆ ದುಡಿಯುವ ಊರಿನಲ್ಲಿ ಇದು ಪ್ರಾಣಕ್ಕೆ ಸಂಬಂಧಿಸಿದ ಸಂಗತಿ. ಅಮೆರಿಕದ ಅಗ್ನಿರಕ್ಷಣಾ ಸಂಸ್ಥೆಯವರು 1920ರ ದಶಕದಿಂದ ಓದುಗನ ವ್ಯಾಕರಣವನ್ನು ತಿದ್ದಲು ಹೋಗದೆ, ಶಬ್ದವನ್ನೇ ಬದಲಿಸಿ 'ಫ್ಲೇಮಬಲ್' ಎಂದು ಬರೆಯುವಂತೆ ಒತ್ತಾಯಿಸಿದರು. ವ್ಯುತ್ಪತ್ತಿಯನ್ನು ಬಲ್ಲವರಿಗೆ ಇದು ರುಚಿಸದಿರಬಹುದು. ಜೀವ ಉಳಿಸಿದ್ದು ವ್ಯುತ್ಪತ್ತಿಯಲ್ಲ.

ಇಂಗ್ಲಿಷಿನಿಂದ ಮರಾಠಿಯ ಕಡೆಗೆ ತಿರುಗಿದರೆ, ಶುದ್ಧಾಶುದ್ಧಗಳ ಗೆರೆ ಎಷ್ಟು ಬೇಗ ಸ್ಥಳ ಬದಲಿಸುತ್ತದೆಂಬುದು ಕಾಣುತ್ತದೆ. ಪುಣೆಯೇ ಮರಾಠಿಯ ಪ್ರಮಾಣಭಾಷೆಯ ಕೇಂದ್ರ. ಮರಾಠಿಯಲ್ಲಿ ಉಚ್ಚಾರದಲ್ಲಿಲ್ಲದ ಅನುಸ್ವಾರಗಳನ್ನು ವ್ಯುತ್ಪತ್ತಿಯ ಕಾರಣದಿಂದ ಬರೆಯುವುದು ಬಹುಕಾಲ ಶುದ್ಧಲೇಖನದ ಗುರುತಾಗಿತ್ತು. 1962ರಲ್ಲಿ ಜಾರಿಗೆ ಬಂದ ಹೊಸ ನಿಯಮಗಳು ಅವನ್ನು ಕೈಬಿಟ್ಟವು. ಹಿಂದಿನ ವರ್ಷ ಅನುಸ್ವಾರ ಬಿಟ್ಟ ವಿದ್ಯಾರ್ಥಿ ಅಂಕ ಕಳೆದುಕೊಂಡಿದ್ದರೆ, ಆಮೇಲೆ ಅಂಕ ಕಳೆದುಕೊಂಡವನು ಅದನ್ನು ಹಾಕಿದವನು.

ಕನ್ನಡಿಗನು ಮರಾಠಿಯಲ್ಲಿ ಎಡವುವುದು ಹೆಚ್ಚಾಗಿ ಲಿಂಗದಲ್ಲಿ. ಕನ್ನಡದಲ್ಲಿ ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಮಿಕ್ಕದ್ದೆಲ್ಲ ಸಾಮಾನ್ಯವಾಗಿ ನಪುಂಸಕ. ಮರಾಠಿಯಲ್ಲಿ ಕುರ್ಚಿ ಸ್ತ್ರೀ, ಬಾಗಿಲು ಪುರುಷ, ಮನೆ ನಪುಂಸಕ. ಈ ಸೂಕ್ಷ್ಮ ತಪ್ಪಿದರೆ ಮಾತು ಗ್ರಾಮ್ಯವೆನಿಸುತ್ತದೆ. ಇದೇ ರಾಜ್ಯದ ಸಾಂಗಲಿ ಜಿಲ್ಲೆಯ ಕುಪವಾಡ ಎಂಬ ಊರಿನಲ್ಲಿ ಕಥೆ ಬೇರೆ. ಅಲ್ಲಿ ಕನ್ನಡ, ಮರಾಠಿ, ಉರ್ದು ಮತ್ತು ತೆಲುಗು ತಲೆಮಾರುಗಳಿಂದ ಒಟ್ಟಿಗೆ ಬಾಳಿವೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆ ಊರಿನ ಮರಾಠಿಯೇ ಕನ್ನಡದ ಲಿಂಗವ್ಯವಸ್ಥೆಯನ್ನು ತನ್ನದಾಗಿಸಿಕೊಂಡಿದೆ. ಕೊಡುಕೊಳೆ ಒಂದು ಕಡೆಯದಲ್ಲ. ಅಲ್ಲಿಯ ಕನ್ನಡವು ಮರಾಠಿ ಉರ್ದುಗಳಂತೆ, ನಾಮಪದಗಳೆರಡನ್ನು ಸಮೀಕರಿಸುವ ವಾಕ್ಯದಲ್ಲಿ ಸಹ 'ಐತಿ' ಎಂಬ ಕ್ರಿಯೆಯನ್ನು ಕಡ್ಡಾಯವಾಗಿ ಇಡುತ್ತದೆ. ಶಬ್ದಗಳು ಬೇರೆ ಬೇರೆಯಾಗಿಯೇ ಉಳಿದು ವಾಕ್ಯದ ಅಸ್ಥಿಪಂಜರ ಒಂದಾಗಿದೆ. ಮೈಸೂರಿನ ಪಂಡಿತನಿಗೂ ಪುಣೆಯ ಪಂಡಿತನಿಗೂ ಸಮಾನವಾಗಿ ಅಶುದ್ಧವಾದ ಈ ನುಡಿಗಳು ಭಾಷಾಸಂಪರ್ಕದ ಶಾಸ್ತ್ರದಲ್ಲಿ ಜಗತ್ತಿನ ವಿದ್ಯಾರ್ಥಿಗಳೆಲ್ಲ ಓದುವ ಪಾಠವಾಗಿವೆ. 'ಕುಪವಾಡ'ದಲ್ಲಿ ವಾಡವೇ ಇದೆ, ಆ ಮಾತು ಇರಲಿ.

ಕನ್ನಡದ ಒಳಭೇದಗಳನ್ನು ದೋಷವೆನ್ನದೆ ದಾಖಲಿಸುವ ಕೆಲಸಕ್ಕೂ ಪುಣೆಗೂ ಹತ್ತಿರದ ನಂಟಿದೆ. ಪಿಂಪ್ರಿ-ಚಿಂಚವಾಡದಿಂದ ಕೆಲವೇ ಮೈಲಿಗಳಾಚೆಗಿರುವ ಡೆಕ್ಕನ್ ಕಾಲೇಜು 1960ರ ದಶಕದಲ್ಲಿ ಕನ್ನಡದ ಪ್ರಾದೇಶಿಕ, ಸಾಮಾಜಿಕ ಪ್ರಭೇದಗಳ ವರ್ಣನೆಗಳನ್ನು ಸಾಲಾಗಿ ಪ್ರಕಟಿಸಿತು. ಎ. ಎಸ್. ಆಚಾರ್ಯರ ಹಾಲಕ್ಕಿ ಕನ್ನಡ, ಯು. ಪಿ. ಉಪಾಧ್ಯಾಯರ ನಂಜನಗೂಡು ಕನ್ನಡ, ಆರ್. ಮಹಾದೇವನ್ ಅವರ ಗುಲ್ಬರ್ಗಾ ಕನ್ನಡ ಇವುಗಳಲ್ಲಿ ಕೆಲವು. ಎ. ಕೆ. ರಾಮಾನುಜನ್ ಅವರು 1958-59ರಲ್ಲಿ ಅಲ್ಲಿ ಭಾಷಾಶಾಸ್ತ್ರವನ್ನು ಅಭ್ಯಸಿಸಿದರು. ಡಿ. ಎನ್. ಶಂಕರ ಭಟ್ಟರು ಡಾಕ್ಟರೇಟ್ ಪದವಿಯನ್ನು ಪಡೆದುದೂ ಅಲ್ಲಿಂದಲೇ. 2000ದಲ್ಲಿ 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂಬ ಗ್ರಂಥದಲ್ಲಿ ಅವರು ಸಂಸ್ಕೃತದ ಅಚ್ಚಿಗೆ ಎದುರಾಗಿ ವಾದ ಹೂಡಿದರು. ಅವರ ಎಲ್ಲ ನಿಲುವುಗಳನ್ನೂ ಒಪ್ಪದವರೂ ಆ ಪ್ರಶ್ನೆಯನ್ನು ಬದಿಗೊತ್ತುವಂತಿಲ್ಲ. ಗುಲ್ಬರ್ಗಾ ಕನ್ನಡವು ವರ್ಣನೆಗೆ ಅರ್ಹವೆಂದು ಒಂದು ಸಂಸ್ಥೆ ಪುಸ್ತಕ ಅಚ್ಚುಹಾಕುತ್ತಿದ್ದ ಕಾಲದಲ್ಲಿಯೇ, ನೆರೆಯ ಕೈಗಾರಿಕಾ ಪಟ್ಟಣದಲ್ಲಿ ಆ ಕನ್ನಡವನ್ನಾಡುವ ಕೂಲಿಯವನು ಅದನ್ನು ನಾಲ್ಕು ಜನರ ಮುಂದೆ ಆಡಲು ಹಿಂಜರಿಯುತ್ತಿದ್ದರೆ, ಆ ಎರಡರ ನಡುವಣ ಅಂತರ ಮೈಲಿಗಳದ್ದಲ್ಲ.

ಇನ್ನು ಮೂರನೆಯ ತಿದ್ದುಗನ ಮಾತು. ಊರಿಂದ ಬಂದ ನೆಂಟನು ಪಿಂಪ್ರಿ-ಚಿಂಚವಾಡದ ಮಗುವಿನ ಕನ್ನಡದಲ್ಲಿ ಮೊದಲು ಗುರುತಿಸುವುದು ಮರಾಠಿ ಶಬ್ದಗಳನ್ನು. ಆದರೆ ಪಗಾರ, ಸೂಟಿ, ಗಡಬಡ ಮೊದಲಾದವು ಧಾರವಾಡದ ಕನ್ನಡದಲ್ಲಿಯೂ ಹಿಂದಿನಿಂದ ಇವೆ. ಅಣ್ಣಾ, ಅಕ್ಕಾ, ತೂಪ, ಅಡಕಿತ್ತಾ ಎಂಬ ಶಬ್ದಗಳನ್ನು ಕನ್ನಡದಿಂದ ಪಡೆದ ಮರಾಠಿಯು ಅವನ್ನು ಹಿಂದಿರುಗಿಸಲು ಹೊರಟಿಲ್ಲ. ತಿದ್ದುವವರ ಕನ್ನಡವಾದರೂ ಎಷ್ಟು ನಿರ್ದುಷ್ಟ? 'ಬೆಳಕು ಚೆಲ್ಲು', 'ಪಾತ್ರ ವಹಿಸು', 'ಮೈಲಿಗಲ್ಲು', 'ಹಸಿರು ನಿಶಾನೆ' ಎಂಬ ನುಡಿಗಟ್ಟುಗಳೆಲ್ಲ ಇಂಗ್ಲಿಷಿನ ಪಡಿಯಚ್ಚುಗಳು. ಇವಿಲ್ಲದ ಸ್ಮರಣಸಂಚಿಕೆಯನ್ನು ಹುಡುಕುವುದು ಕಷ್ಟ. ಮಗುವಿನ ಬಾಯಲ್ಲಿ ಮರಾಠಿಯ ಪಡಿಯಚ್ಚು ದೋಷವೆನಿಸಿ, ವಿದ್ವಾಂಸನ ಲೇಖನಿಯಲ್ಲಿ ಇಂಗ್ಲಿಷಿನ ಪಡಿಯಚ್ಚು ಶೈಲಿಯೆನಿಸುವುದಾದರೆ ಅದು ವ್ಯಾಕರಣದ ತೀರ್ಪಲ್ಲ, ಅಂತಸ್ತಿನ ತೀರ್ಪು.

ತಿದ್ದುವ ಆತುರವೇ ತಪ್ಪನ್ನು ಹುಟ್ಟಿಸುವುದೂ ಉಂಟು. 'ಉಚ್ಚಾರ'ವನ್ನು 'ಉಚ್ಛಾರ' ಎನ್ನುವುದು, 'ಶುಭಾಶಯ'ವನ್ನು 'ಶುಭಾಷಯ' ಎಂದು ಬರೆಯುವುದು, 'ಜಾತ್ಯತೀತ'ವನ್ನು 'ಜಾತ್ಯಾತೀತ' ಮಾಡುವುದು ಅಕ್ಷರ ಬಾರದವರ ತಪ್ಪುಗಳಲ್ಲ. ಹೆಚ್ಚು ಶುದ್ಧವಾಗಲು ಹೊರಟವರ ತಪ್ಪುಗಳು. ಹಕಾರ ಬಿಟ್ಟೀತೆಂಬ ಅಂಜಿಕೆಯಿಂದ ಇಲ್ಲದಲ್ಲಿ ಹಕಾರ ಸೇರಿಸಿ, 'ಆದರ'ದ ಸ್ವಾಗತವನ್ನು ಬೇರೆಯೇ ಅರ್ಥಕ್ಕೆ ತಂದ ಭಾಷಣಗಳ ನಗೆಮಾತು ಎಲ್ಲರೂ ಬಲ್ಲದ್ದು. 1991ರಿಂದ 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಅಂಕಣವನ್ನು ನಡೆಸಿದ ಜಿ. ವೆಂಕಟಸುಬ್ಬಯ್ಯನವರ ಪದ್ಧತಿ ಇದಕ್ಕಿಂತ ಬೇರೆ. ಅಲ್ಲಿ ಓದುಗರು ತಾವಾಗಿ ಕೇಳುತ್ತಿದ್ದರು, ಅವರು ಉತ್ತರಿಸುತ್ತಿದ್ದರು. ಕೇಳಿದವನಿಗೆ ಹೇಳುವುದು ಪಾಠ. ಕೇಳದವನ ಮಾತನ್ನು ನಡುವೆ ತಡೆದು ಹೇಳುವುದು ಬೇರೆಯೇ ಒಂದು ಕ್ರಿಯೆ.

ಪಿಂಪ್ರಿ-ಚಿಂಚವಾಡದ ಕನ್ನಡ ಮಕ್ಕಳ ವಿಷಯದಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಮರಾಠಿಯಲ್ಲಿ ಮಹಾಪ್ರಾಣಗಳು ಜೀವಂತ ಧ್ವನಿಗಳು. ಶಾಲೆಯಲ್ಲಿ ಮರಾಠಿಯನ್ನು ಕಲಿತು ಬೀದಿಯಲ್ಲಿ ಅದನ್ನೇ ಆಡುವ ಮಗು 'ಭಾಷೆ', 'ಧನ್ಯವಾದ', 'ಘಟನೆ' ಎಂಬ ಶಬ್ದಗಳನ್ನು ಒತ್ತಕ್ಷರದೊಡನೆ ಸಲೀಸಾಗಿ ಉಚ್ಚರಿಸುತ್ತದೆ. ಅದನ್ನು ತಿದ್ದಲು ಹೊರಟ ದಕ್ಷಿಣದ ನೆಂಟನ ಬಾಯಲ್ಲಿ ಅವು 'ಬಾಷೆ', 'ದನ್ಯವಾದ', 'ಗಟನೆ' ಆಗಿರುವುದು ಅಪರೂಪವಲ್ಲ. ಗ್ರಂಥಸ್ಥ ಶುದ್ಧಿಯೇ ಮಾನದಂಡವಾದರೆ ಇಲ್ಲಿ ಗುರು ಯಾರು, ಶಿಷ್ಯ ಯಾರು?

ಅದೇ ಮಗು ಎಡವಬಹುದಾದ ಜಾಗ ಇನ್ನೊಂದಿದೆ. ತಿದ್ದುವವರ ಗಮನ ಅಲ್ಲಿಗೆ ಹೋಗುವುದು ಕಡಿಮೆ. ಮರಾಠಿಯಲ್ಲಿ ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಅರ್ಥಭೇದಕವಾದ ಹ್ರಸ್ವದೀರ್ಘ ವ್ಯತ್ಯಾಸವಿಲ್ಲ. ಮರಾಠಿ ಬರೆಯುವ ದೇವನಾಗರಿಯಲ್ಲಿ ಅದಕ್ಕೆ ರೂಢಿಯ ಚಿಹ್ನೆಯೂ ಇಲ್ಲ. ಮನೆಯ ಕನ್ನಡ ಮಾತನ್ನು ಮಗುವು ತನಗೆ ತಿಳಿದ ದೇವನಾಗರಿಯಲ್ಲಿ ಬರೆದುಕೊಂಡಾಗ 'ಬೆಳೆ' 'ಬೇಳೆ' ಒಂದೇ ಆಗುತ್ತವೆ. 'ಬೆರೆ' 'ಬೇರೆ', 'ಕೆರೆ' 'ಕೇರೆ', 'ಕೊಡು' 'ಕೋಡು', 'ತೊಡು' 'ತೋಡು' ಎಂಬ ಜೋಡಿಗಳೂ ಹಾಗೆಯೇ. ಇಲ್ಲಿ ಕೆಡುವುದು ಶಿಷ್ಟತೆಯಲ್ಲ, ಅರ್ಥ. ಹೊಲದ ಬೆಳೆಯೋ ಡಬ್ಬಿಯ ಬೇಳೆಯೋ, ಊರ ಕೆರೆಯೋ ಕೇರೆಹಾವೋ ಎಂಬುದು ದೇಸಿಯ ಭೇದವಲ್ಲ. ಬೀದರದಿಂದ ಚಾಮರಾಜನಗರದವರೆಗಿನ ಕನ್ನಡಗಳೆಲ್ಲ ಕಾಯ್ದುಕೊಂಡುಬಂದಿರುವ ಭೇದ. ಹೊರನಾಡಿನ ಮಕ್ಕಳಿಗೆ ಪಠ್ಯವನ್ನು ಸಿದ್ಧಪಡಿಸುವವರು 'ಪಗಾರ'ಕ್ಕೆ 'ಸಂಬಳ'ವನ್ನು ಬದಲಿಡುವ ಮೊದಲು ಈ ಜೋಡಿಗಳನ್ನು ಕೈಗೆತ್ತಿಕೊಳ್ಳಬೇಕು. ಚಿತ್ರದ ಜತೆಗೆ, ಕಿವಿಗೆ ಬೀಳುವಂತೆ, ಮಗುವಿಗೆ ತಿಳಿದ ಶಬ್ದಗಳಿಂದಲೇ ಇವನ್ನು ಕಲಿಸಬಹುದು: ಅಜ್ಜಿ ಬೇಳೆ ಆರಿಸುತ್ತಾಳೆ, ಅಜ್ಜ ಬೆಳೆ ಕೊಯ್ಯುತ್ತಾನೆ, ಅಣ್ಣ ಅಂಗಿ ತೊಡುತ್ತಾನೆ, ಮಾವ ಬಾವಿ ತೋಡುತ್ತಾನೆ.